ಹಲ್ಲು ಬಿಳಿ ಮಾಡಿಸಿದ ಮೇಲೆ ಏನು ಮಾಡಬೇಕು?

ಮದುವೆ ನಿಶ್ಚಯವಾದ ಕೂಡಲೇ ದಂತವೈದ್ಯರ ಬಳಿ ಹೋಗಿ ಹಲ್ಲು ಬಿಳಿ ಮಾಡಿಸಿಕೊಳ್ಳುವ ಯುವಕ ಯುವತಿಯರು ಈಗ ನಮ್ಮಲ್ಲೂ ಇದ್ದಾರೆ. ಆದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿಯಾಯಿತೆಂದು ಬೇಸರಿಸಿ, ಸಿಕ್ಕಿದ ಪುಡಿಯಿಂದ ಗಸಗಸನೆ ಉಜ್ಜತೊಡಗುತ್ತಾರೆ. ಹಲ್ಲಿಗೆ ನಿಜವಾದ ಅಪಾಯ ಇಲ್ಲಿಂದಲೇ ಶುರು.

ಹಲ್ಲಿನ ಹೊರಪದರ ಎನಾಮೆಲ್. ಇದು ಅರೆಪಾರದರ್ಶಕ. ಇದರೊಳಗಿರುವ ಡೆಂಟಿನ್‌ನ ಸಹಜ ಬಣ್ಣವೇ ತುಸು ಹಳದಿ. ವೈದ್ಯರು ಹಚ್ಚುವ ಪೆರಾಕ್ಸೈಡ್ ಜೆಲ್ ಹಲ್ಲಿನೊಳಗೆ ಇಳಿದ ಕಲೆಯ ಕಣಗಳನ್ನು ಒಡೆಯುತ್ತದೆ. ಉಪ್ಪು, ಇದ್ದಿಲು, ನಿಂಬೆರಸ ಬೆರೆಸಿದ ಅಡುಗೆಸೋಡಾ ಹಾಗಲ್ಲ, ಅವು ಎನಾಮೆಲನ್ನೇ ಸವೆಸುತ್ತವೆ. ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಅದು ತೆಳುವಾದಷ್ಟೂ ಒಳಗಿನ ಹಳದಿ ಹೆಚ್ಚು ಕಾಣುತ್ತದೆ. ಅಂದರೆ, ಬಿಳುಪಿಗಾಗಿ ಉಜ್ಜಿದಷ್ಟೂ ಹಲ್ಲು ಹಳದಿಯಾಗುತ್ತದೆ!

ಮೊದಲ 48 ಗಂಟೆ

ಚಿಕಿತ್ಸೆಯ ವೇಳೆ ಹಲ್ಲಿನ ಮೇಲಿನ ಜೊಲ್ಲಿನ ತೆಳು ಪೊರೆ ಹೋಗಿರುತ್ತದೆ. ಅದು ಮತ್ತೆ ಕೂಡುವವರೆಗೆ ಹಲ್ಲು ಬಣ್ಣವನ್ನು ಬೇಗ ಹೀರುತ್ತದೆ. ಈ ಎರಡು ದಿನ ಚಹಾ, ಕಾಫಿ, ಸುಲೈಮಾನಿ, ಬಣ್ಣದ ಶರಬತ್ತು, ಅರಿಶಿನ ಹಾಕಿದ ಸಾರು, ಕೇಸರಿ ಬೆರೆಸಿದ ಬಿರಿಯಾನಿ, ಬೀಟ್‌ರೂಟ್, ದಾಳಿಂಬೆ ಬೇಡ. ಅನ್ನ, ಮೊಸರು, ಹಾಲು, ಇಡ್ಲಿ, ಅಕ್ಕಿರೊಟ್ಟಿ, ಬಾಳೆಹಣ್ಣು ಸಾಕು. ಬಿಳಿ ಬಟ್ಟೆಗೆ ಕಲೆ ಮಾಡುವ ಯಾವುದೂ ಬಾಯಿಗೆ ಬೇಡ ಎಂದು ನೆನಪಿಟ್ಟುಕೊಂಡರೆ ಸುಲಭ.

ಕೆಲವರಿಗೆ ಹಲ್ಲು ಜುಮ್ಮೆನ್ನಬಹುದು. ಸಾಮಾನ್ಯವಾಗಿ ಅದು ಕೆಲವು ದಿನಗಳಲ್ಲಿ ಇಳಿಯುತ್ತದೆ. ಅಲ್ಲಿಯವರೆಗೆ ತೀರ ಬಿಸಿ, ತೀರ ತಣ್ಣಗಿನದು ಬಿಡಿ. ಹಲ್ಲಿನ ಬಣ್ಣ ಒಂದು ನೆಲೆಗೆ ಬರಲು ಸುಮಾರು ಎರಡು ವಾರ ಬೇಕು. ಆದ್ದರಿಂದ ನಿಕಾಹ್‌ನ ಹಿಂದಿನ ದಿನ ಮಾಡಿಸುವುದು ಜಾಣತನವಲ್ಲ.

ನಿತ್ಯದ ರೂಢಿ

ಬಿಳುಪು ಉಳಿಯುವುದು ದಿನನಿತ್ಯದ ಅಭ್ಯಾಸದಿಂದ. ಚಹಾ ಕುಡಿದ ಕೂಡಲೇ ನೀರಿನಿಂದ ಬಾಯಿ ಮುಕ್ಕಳಿಸಿ. ಐದು ಹೊತ್ತಿನ ವುಝೂ ಮಾಡುವವರಿಗೆ ಇದು ಹೊಸ ಕೆಲಸವೇನಲ್ಲ. ಅಸರ್ ನಂತರದ ಚಹಾದ ಕಲೆ ಹಲ್ಲಿನಲ್ಲಿ ಕೂರುವ ಮೊದಲೇ ಒಂದು ಬಾಯಿ ನೀರು ಅದನ್ನು ತೊಳೆಯುತ್ತದೆ. ಗಂಟೆಗಟ್ಟಲೆ ಗುಟುಕು ಗುಟುಕಾಗಿ ಚಹಾ ಹೀರುವುದಕ್ಕಿಂತ ಒಂದೇ ಸಲ ಕುಡಿದು ಮುಗಿಸುವುದು ಲೇಸು.

ನಿಂಬೆ ಹಿಂಡಿದ ಸುಲೈಮಾನಿಯಂತಹ ಹುಳಿ ಪಾನೀಯ ಕುಡಿದ ತಕ್ಷಣ ಬ್ರಷ್ ಮಾಡಬೇಡಿ, ಅರ್ಧ ಗಂಟೆ ಬಿಡಿ. ಹುಳಿಯಿಂದ ಮೆತ್ತಗಾದ ಎನಾಮೆಲ್ ಆಗ ಬೇಗ ಸವೆಯುತ್ತದೆ. ದಿನಕ್ಕೆರಡು ಸಲ, ಎರಡೆರಡು ನಿಮಿಷ, ಮೃದು ಬ್ರಷ್ ಮತ್ತು ಫ್ಲೋರೈಡ್ ಪೇಸ್ಟ್ ಬಳಸಿ.

ಮಿಸ್ವಾಕ್ ಬಳಸುವವರು ಅದನ್ನು ಬಿಡಬೇಕಾಗಿಲ್ಲ. ಒಣಗಿದ ಕಡ್ಡಿ ವಸಡನ್ನು ಕೆರೆಯುತ್ತದೆ. ನೀರಿನಲ್ಲಿ ನೆನೆಸಿ, ತುದಿಯನ್ನು ಕುಂಚದಂತೆ ಜಗಿದು, ವಸಡಿನಿಂದ ಹಲ್ಲಿನ ತುದಿಯ ಕಡೆಗೆ ಮೆಲ್ಲಗೆ ಉಜ್ಜಿ. ಸವೆದ ತುದಿಯನ್ನು ಕತ್ತರಿಸಿಬಿಡಿ. ಹಲ್ಲಿನ ಒಳಬದಿಗೆ ಕಡ್ಡಿ ಸರಿಯಾಗಿ ತಲುಪದು. ರಾತ್ರಿ ಬ್ರಷ್ ತಪ್ಪಿಸಬೇಡಿ.

ತಂಬಾಕು, ಗುಟ್ಕಾ, ಸಿಗರೇಟು, ಎಲೆಯಡಿಕೆ ಮುಂದುವರಿಸುವವರು ಬಿಳುಪಿಗೆಂದು ಖರ್ಚು ಮಾಡಿದ ಹಣ ವ್ಯರ್ಥ. ಇವು ಕೆಡಿಸುವುದು ಬಣ್ಣವನ್ನಷ್ಟೇ ಅಲ್ಲ, ಬಾಯಿ ಕ್ಯಾನ್ಸರ್‌ಗೂ ದಾರಿ ಮಾಡುತ್ತವೆ.

ಇವರು ಗಮನಿಸಿ

ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಈ ಚಿಕಿತ್ಸೆಯನ್ನು ಮುಂದೂಡುವುದು ಒಳ್ಳೆಯದು. ಕ್ಯಾಪ್ ಹಾಕಿಸಿದ ಅಥವಾ ಸಿಮೆಂಟ್ ತುಂಬಿಸಿದ ಭಾಗ ಜೆಲ್‌ನಿಂದ ಬಿಳಿಯಾಗುವುದಿಲ್ಲ. ಮಕ್ಕಳಿಗೆ ಹೊಸದಾಗಿ ಬಂದ ಶಾಶ್ವತ ಹಲ್ಲು ಹಾಲುಹಲ್ಲಿಗಿಂತ ಹಳದಿಯಾಗಿ ಕಾಣುವುದು ಸಹಜ, ಗಾಬರಿ ಬೇಡ. ಒಂದೇ ಹಲ್ಲು ಕಪ್ಪಾಗಿದ್ದರೆ ಮಾತ್ರ ಬೇಗ ವೈದ್ಯರಿಗೆ ತೋರಿಸಿ.

ಚಿಕಿತ್ಸೆಯ ಬಿಳುಪು ಶಾಶ್ವತವಲ್ಲ, ಕ್ರಮೇಣ ಮಾಸುತ್ತದೆ. ಮತ್ತೆ ಬೇಕೆನಿಸಿದರೆ ವೈದ್ಯರನ್ನು ಕೇಳಿ, ಜಾಹೀರಾತನ್ನಲ್ಲ. ಹಾಲಿನಂತೆ ಬೆಳ್ಳಗಿರದಿದ್ದರೂ ಹುಳುಕಿಲ್ಲದ ಹಲ್ಲು, ರಕ್ತ ಒಸರದ ವಸಡು ಇದ್ದರೆ ನಿಮ್ಮ ಬಾಯಿ ಆರೋಗ್ಯವಾಗಿದೆ.