ಡೀಸೆಲ್ ಕಾರಿಗೆ ಆಯಿಲ್ ಚೇಂಜ್ ಯಾವಾಗ? ಮೀಟರನ್ನಷ್ಟೇ ನಂಬಬೇಡಿ

ಐದು ಸಾವಿರ ಕಿಲೊಮೀಟರಿಗೆ ಬದಲಿಸಿಬಿಡಿ ಎನ್ನುತ್ತಾರೆ ಬೀದಿ ಕೊನೆಯ ಗ್ಯಾರೇಜಿನವರು. ಹತ್ತು ಸಾವಿರದವರೆಗೆ ಯೋಚನೆಯೇ ಬೇಡ ಎನ್ನುತ್ತಾರೆ ಶೋರೂಮಿನ ಸರ್ವಿಸ್ ಅಡ್ವೈಸರ್. ‘ನಾನು ಹದಿನೈದು ಸಾವಿರ ಓಡಿಸ್ತೀನಪ್ಪ, ಏನೂ ಆಗಿಲ್ಲ’ ಎನ್ನುವ ನೆಂಟರೊಬ್ಬರು ಪ್ರತಿ ಮನೆಗೂ ಇದ್ದೇ ಇರುತ್ತಾರೆ. ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಎಂಜಿನ್, ಒಂದೊಂದು ರಸ್ತೆ, ಒಂದೊಂದು ಕಾಲದ ಡೀಸೆಲ್ ಇದೆ, ಅಷ್ಟೇ. ನಿಮ್ಮ ಕಾರಿಗೆ ಹೊಂದುವ ಲೆಕ್ಕವನ್ನು ನೀವೇ ಹಾಕಿಕೊಳ್ಳಬಹುದು. ಕಾರಿನ ಜೊತೆ ಬಂದ ಪುಸ್ತಕ, ಒಂದು ತುಂಡು ಹಳೆ ಬಟ್ಟೆ, ಹತ್ತು ನಿಮಿಷ ಬಿಡುವು ಇದ್ದರೆ ಸಾಕು.

ಮೊದಲು ಪುಸ್ತಕ ತೆಗೆಯಿರಿ

ಗ್ಲೋವ್ ಬಾಕ್ಸಿನಲ್ಲಿ ಇನ್ಶೂರೆನ್ಸ್ ಪತ್ರದ ಅಡಿಯಲ್ಲಿ ಮಲಗಿರುವ ಓನರ್ಸ್ ಮ್ಯಾನುಯಲ್ ತೆರೆದು ಸರ್ವಿಸ್ ಪಟ್ಟಿ ನೋಡಿ. ನಮ್ಮಲ್ಲಿ ಮಾರಾಟವಾಗುವ ಹೆಚ್ಚಿನ ಡೀಸೆಲ್ ಕಾರುಗಳಿಗೆ ‘10,000 ಕಿ.ಮೀ. ಅಥವಾ ಒಂದು ವರ್ಷ’ ಎಂದಿರುತ್ತದೆ. ಕೆಲವಕ್ಕೆ 15,000 ಕಿ.ಮೀ. ಅಥವಾ ಒಂದು ವರ್ಷ. ಇದರಲ್ಲಿ ಯಾವುದು ಮೊದಲು ಬರುತ್ತದೋ ಅದು ಲೆಕ್ಕಕ್ಕೆ. ವರ್ಷಕ್ಕೆ ಮೂರು ಸಾವಿರವೂ ಓಡದ ಕಾರಿನವರು ‘ಇನ್ನೂ ಏಳು ಸಾವಿರ ಬಾಕಿ ಇದೆ’ ಎಂದು ಎರಡು ಮೂರು ವರ್ಷ ಎಳೆಯುವುದು ಅದಕ್ಕೇ ತಪ್ಪು. ನಿಂತ ಕಾರಿನಲ್ಲೂ ಎಣ್ಣೆ ಕೆಡುತ್ತದೆ. ತೇವ ಹಿಡಿಯುತ್ತದೆ, ಗಾಳಿಯ ಸಂಪರ್ಕದಿಂದ ಗುಣ ಕಳೆದುಕೊಳ್ಳುತ್ತದೆ.

ಹಾಗಾದರೆ ಮೆಕ್ಯಾನಿಕ್ಕಿನ ಐದು ಸಾವಿರ ಎಲ್ಲಿಂದ ಬಂತು? ಅದು ಹಳೆಯ ಸುಮೊ, ಕ್ವಾಲಿಸ್, ಮೊದಲ ಇಂಡಿಕಾಗಳ ಕಾಲದ ಲೆಕ್ಕ. ಆಗಿನ ಎಂಜಿನ್ ಬೇರೆ, ಡೀಸೆಲ್ಲೂ ಬೇರೆ. ಡೀಸೆಲ್‌ನಲ್ಲಿರುವ ಗಂಧಕ ಉರಿದಾಗ ಆಮ್ಲ ಹುಟ್ಟುತ್ತದೆ. ಆ ಆಮ್ಲವನ್ನು ತಟಸ್ಥಗೊಳಿಸಲು ಎಂಜಿನ್ ಆಯಿಲ್‌ನಲ್ಲಿ ಕ್ಷಾರಗುಣದ ಅಂಶ ಬೆರೆಸಿರುತ್ತಾರೆ. ಗಂಧಕ ಹೆಚ್ಚಿದ್ದಷ್ಟೂ ಅದು ಬೇಗ ಖರ್ಚಾಗುತ್ತದೆ. ಭಾರತ್ ಸ್ಟೇಜ್ 2, ಅಂದರೆ ಬಿಎಸ್2 ಡೀಸೆಲ್‌ನಲ್ಲಿ ಗಂಧಕದ ಮಿತಿ 500 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 500) ಇತ್ತು, ಬಿಎಸ್3ರಲ್ಲಿ 350, ಬಿಎಸ್4ರಲ್ಲಿ 50. 2020ರ ಏಪ್ರಿಲ್‌ನಿಂದ ದೇಶದ ಎಲ್ಲ ಬಂಕ್‌ಗಳಲ್ಲೂ ಸಿಗುತ್ತಿರುವ ಬಿಎಸ್6 ಡೀಸೆಲ್‌ನಲ್ಲಿ ಬರೀ 10. ಜೊತೆಗೆ ಹೆಚ್ಚು ಕಾಲ ಬಾಳುವ ಸಿಂಥೆಟಿಕ್ ಆಯಿಲ್ ಬಂದಿದೆ. ಆ ಹಳೆಯ ಗಾಡಿ ಇನ್ನೂ ನಿಮ್ಮ ಮನೆಯಲ್ಲಿದ್ದರೆ ಐದು ಸಾವಿರ ಸರಿಯೇ. ಹೊಸ ಕಾರಿಗೆ ಕಣ್ಣುಮುಚ್ಚಿ ಅದನ್ನೇ ಪಾಲಿಸುವುದು ದುಡ್ಡು ದಂಡ.

ಕಿಲೊಮೀಟರ್ ಅಲ್ಲ, ಗಂಟೆ ಎಣಿಸಿ

ಈಗ ಅಸಲಿ ವಿಷಯ. ಎಣ್ಣೆ ಸವೆಯುವುದು ಚಕ್ರ ತಿರುಗಿದ್ದರಿಂದಲ್ಲ, ಎಂಜಿನ್ ಓಡಿದ್ದರಿಂದ. ಹುಬ್ಬಳ್ಳಿ–ಬೆಂಗಳೂರು ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ. ಸರಾಸರಿಯಲ್ಲಿ ಹೋಗುವ ಕಾರಿಗೆ 10,000 ಕಿ.ಮೀ. ಮುಗಿಸಲು ಸುಮಾರು 167 ಗಂಟೆ ಸಾಕು. ಬೆಂಗಳೂರಿನೊಳಗೇ ಸಿಲ್ಕ್ ಬೋರ್ಡ್, ಮಾರತ್ತಹಳ್ಳಿ, ಹೆಬ್ಬಾಳ ಎಂದು ಗಂಟೆಗೆ 20 ಕಿ.ಮೀ. ಸರಾಸರಿಯಲ್ಲಿ ತೆವಳುವ ಕಾರಿಗೆ ಅದೇ ದೂರಕ್ಕೆ 500 ಗಂಟೆ ಬೇಕು. ಮೀಟರ್ ಎರಡರಲ್ಲೂ ಹತ್ತು ಸಾವಿರವನ್ನೇ ತೋರಿಸುತ್ತದೆ. ಒಂದರ ಎಣ್ಣೆ ಇನ್ನೊಂದಕ್ಕಿಂತ ಮೂರು ಪಟ್ಟು ದುಡಿದಿರುತ್ತದೆ.

ಇದನ್ನು ಅಳೆಯುವುದು ಸುಲಭ. ಈಚಿನ ಹೆಚ್ಚಿನ ಕಾರುಗಳ ಡಿಸ್‌ಪ್ಲೇಯಲ್ಲಿ ಸರಾಸರಿ ವೇಗ ತೋರಿಸುವ ವ್ಯವಸ್ಥೆ ಇದೆ. ಆಯಿಲ್ ಬದಲಿಸಿದ ದಿನ ಟ್ರಿಪ್ ಮೀಟರ್ ಸೊನ್ನೆ ಮಾಡಿ, ಒಂದೆರಡು ತಿಂಗಳು ಬಿಟ್ಟು ನೋಡಿ. ಸರಾಸರಿ 40ರ ಮೇಲಿದ್ದರೆ ಪುಸ್ತಕದ ಅವಧಿ ಪೂರ್ತಿ ಓಡಿಸಲು ಹೆದರಬೇಕಿಲ್ಲ. ಇಪ್ಪತ್ತರ ಆಸುಪಾಸಿನಲ್ಲಿದ್ದರೆ ಏಳು ಸಾವಿರ ದಾಟಿಸಬೇಡಿ ಎಂಬುದು ನನ್ನ ಸಲಹೆ. ಹಲವು ಮ್ಯಾನುಯಲ್‌ಗಳಲ್ಲಿ ‘ಕಠಿಣ ಬಳಕೆ’ ಎಂಬ ಇನ್ನೊಂದು ಪಟ್ಟಿಯೇ ಇರುತ್ತದೆ. ಸದಾ ಟ್ರಾಫಿಕ್, ದೂಳಿನ ರಸ್ತೆ, ಭಾರ ಹೇರಿಕೊಂಡು ಘಾಟಿ ಹತ್ತುವುದು, ಎಂಜಿನ್ ಬಿಸಿಯಾಗುವ ಮೊದಲೇ ಮುಗಿಯುವ ಐದಾರು ಕಿಲೊಮೀಟರಿನ ಓಡಾಟ, ಎಲ್ಲವೂ ಅದರಲ್ಲಿ ಬರುತ್ತವೆ. ಅಲ್ಲಿ ಹೇಳುವ ಅವಧಿ ಸಾಮಾನ್ಯವಾಗಿ ಅರ್ಧದಷ್ಟು; ನಿಮ್ಮ ಪುಸ್ತಕದಲ್ಲಿ ಅದಿದ್ದರೆ ನನ್ನ ಏಳು ಸಾವಿರ ಬಿಟ್ಟು ಅದನ್ನೇ ಪಾಲಿಸಿ. ನಮ್ಮಲ್ಲಿ ಬಹಳಷ್ಟು ಜನರ ಬಳಕೆ ಈ ಪಟ್ಟಿಗೇ ಸೇರುತ್ತದೆ; ಓದುವವರು ಮಾತ್ರ ಕಡಿಮೆ.

ದಿನಕ್ಕೆ ಮುನ್ನೂರು ಕಿಲೊಮೀಟರ್ ಓಡುವ ಹಳದಿ ಬೋರ್ಡಿನ ಟ್ಯಾಕ್ಸಿ ನೋಡಿ ಹೋಲಿಸಿಕೊಳ್ಳಬೇಡಿ. ಹೆದ್ದಾರಿಯಲ್ಲೇ ಇರುವ ಟ್ಯಾಕ್ಸಿಯ ಎಂಜಿನ್ ಒಮ್ಮೆ ಬಿಸಿಯಾದರೆ ಸಂಜೆವರೆಗೂ ಬಿಸಿಯಾಗಿರುತ್ತದೆ, ಎಣ್ಣೆಯೊಳಗಿನ ತೇವವೆಲ್ಲ ಆವಿಯಾಗಿ ಹೋಗುತ್ತದೆ. ಮಗುವನ್ನು ಶಾಲೆಗೆ ಬಿಟ್ಟು ಬರುವ ಕಾರಿಗೆ ಆ ಭಾಗ್ಯವಿಲ್ಲ.

ಬಿಎಸ್6 ಕಾರಿನವರು ಇದನ್ನು ಬಿಡದೆ ಓದಿ

2020ರ ನಂತರದ ಡೀಸೆಲ್ ಕಾರಿನ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದರಲ್ಲಿ ಮಸಿ ತುಂಬಿದಾಗ ಕಂಪ್ಯೂಟರ್ ತಾನಾಗಿಯೇ ಅದನ್ನು ಸುಡಲು ಹೊರಡುತ್ತದೆ. ಅದಕ್ಕೆ ಫಿಲ್ಟರಿನೊಳಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಶಾಖ ಏರಿಸಲು ಹಲವು ಎಂಜಿನ್‌ಗಳು ಸಿಲಿಂಡರಿನೊಳಕ್ಕೇ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತವೆ. ಅದರಲ್ಲಿ ಒಂದಿಷ್ಟು ಉರಿಯದೆ ಸಿಲಿಂಡರಿನ ಗೋಡೆ ಹಿಡಿದು ಇಳಿದು ಕೆಳಗಿನ ಚೇಂಬರಿಗೆ, ಅಂದರೆ ಎಂಜಿನ್ ಆಯಿಲ್‌ಗೆ, ಸೇರುತ್ತದೆ. ಕೆಲಸ ಪೂರ್ತಿಯಾದರೆ ತೊಂದರೆ ಕಡಿಮೆ. ಕಾಲು ಗಂಟೆ ಹಿಡಿಯುವ ಈ ಕೆಲಸದ ನಡುವೆ ನೀವು ಮನೆ ತಲುಪಿ ಕೀ ತಿರುಗಿಸಿಬಿಟ್ಟರೆ ಮರುದಿನ ಅದು ಮತ್ತೆ ಮೊದಲಿನಿಂದ ಶುರು. ಹೀಗೆ ದಿನಾ ಅರ್ಧಕ್ಕೆ ನಿಂತರೆ ಎಣ್ಣೆಗೆ ಡೀಸೆಲ್ ಸೇರುತ್ತಲೇ ಹೋಗುತ್ತದೆ, ಎಣ್ಣೆ ತೆಳ್ಳಗಾಗುತ್ತದೆ.

ಹಿಂದೆಲ್ಲ ಆಯಿಲ್ ಕಡಿಮೆಯಾಯಿತೇ ಎಂದು ನೋಡುತ್ತಿದ್ದೆವು. ಈಗ ಹೆಚ್ಚಾಯಿತೇ ಎಂದೂ ನೋಡಬೇಕು. ಆಯಿಲ್ ಮಟ್ಟ ಅಳೆಯುವ ಕಡ್ಡಿಯಲ್ಲಿ, ಅಂದರೆ ಡಿಪ್‌ಸ್ಟಿಕ್‌ನಲ್ಲಿ, ಮಟ್ಟ ಮೇಲಿನ ಗುರುತು ದಾಟಿದ್ದರೆ, ಮೂಸಿದಾಗ ಡೀಸೆಲ್ ವಾಸನೆ ಬಂದರೆ, ಕಿಲೊಮೀಟರ್ ಎಷ್ಟೇ ಆಗಿರಲಿ, ಆ ವಾರವೇ ಬದಲಿಸಿ. ಮಟ್ಟ ವಿಪರೀತ ಏರಿದರೆ ಎಂಜಿನ್ ತನ್ನ ಎಣ್ಣೆಯನ್ನೇ ಗಾಳಿಯ ದಾರಿಯಿಂದ ಹೀರಿಕೊಂಡು, ಕೀ ತೆಗೆದರೂ ನಿಲ್ಲದೆ ಹುಚ್ಚೆದ್ದು ಓಡುವ ಅಪಾಯವಿದೆ. ಅಪರೂಪ, ಆದರೆ ಹಾಗೇನಾದರೂ ಆಯಿತೆಂದರೆ ಎಂಜಿನ್ ಉಳಿಯುವುದಿಲ್ಲ.

ತಡೆಯುವುದು ಹೇಗೆ? ನಿಂತಾಗ ಐಡ್ಲಿಂಗ್ ಮಾಮೂಲಿಗಿಂತ ಏರಿದ್ದರೆ, ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ, ಬಿಸಿ ಲೋಹದ ವಾಸನೆ ಬಂದರೆ ಸುಡುವ ಕೆಲಸ ನಡೆಯುತ್ತಿದೆ ಎಂದರ್ಥ. ಆಗ ಗಾಡಿ ಆಫ್ ಮಾಡದೆ ಇನ್ನೊಂದು ಸುತ್ತು ಹೋಗಿ ಬನ್ನಿ. ಬೆಂಗಳೂರು ನಗರದೊಳಗೇ ಓಡಾಡುವವರು ವಾರಕ್ಕೊಮ್ಮೆ ನೈಸ್ ರಸ್ತೆಗೋ ತುಮಕೂರು ಹೆದ್ದಾರಿಗೋ ಹೋಗಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿದರೆ ಆ ಡೀಸೆಲ್ ಖರ್ಚು ದಂಡವಲ್ಲ. ತಿಂಗಳಿಗೆ ಇನ್ನೂರು ಮುನ್ನೂರು ಕಿಲೊಮೀಟರ್ ಮಾತ್ರ ಓಡಿಸುವವರು ಡೀಸೆಲ್ ಕಾರು ಕೊಳ್ಳಲೇಬಾರದು. ಆ ಮಾತು ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ.

ಡಿಪ್‌ಸ್ಟಿಕ್ ಎಳೆಯುವ ಕ್ರಮ

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಎಂಜಿನ್ ಬಿಸಿಯಾಗಿರಲಿ, ಆದರೆ ಆಫ್ ಮಾಡಿ ಐದರಿಂದ ಹತ್ತು ನಿಮಿಷ ಕಳೆದಿರಲಿ. ಮೇಲಿದ್ದ ಎಣ್ಣೆಯೆಲ್ಲ ಕೆಳಗಿಳಿಯಬೇಕು. ಡಿಪ್‌ಸ್ಟಿಕ್ ಎಳೆದು ಒರೆಸಿ, ಪೂರ್ತಿ ಒಳಗೆ ತೂರಿಸಿ, ಮತ್ತೆ ಎಳೆದು ನೋಡಿ. ಮೊದಲ ಸಲ ಎಳೆದದ್ದನ್ನು ನಂಬಬೇಡಿ. ಎಣ್ಣೆಯ ಅಂಚು ಎರಡು ಗುರುತುಗಳ ನಡುವೆ ಇರಬೇಕು. ಹೆಚ್ಚಿನ ಕಾರುಗಳಲ್ಲಿ ಆ ಎರಡು ಗುರುತುಗಳ ನಡುವಿನ ಅಂತರ ಸುಮಾರು ಒಂದು ಲೀಟರ್. ತಿಂಗಳಿಗೊಮ್ಮೆ, ದೂರದ ಪ್ರಯಾಣಕ್ಕೆ ಮುಂಚೆ ಒಮ್ಮೆ ನೋಡಿದರೆ ಸಾಕು.

ಬಣ್ಣ ನೋಡಿ ಗಾಬರಿಯಾಗಬೇಡಿ. ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲ್ ಕೂಡ ನೂರಿನ್ನೂರು ಕಿಲೊಮೀಟರ್ ಆಗುವಷ್ಟರಲ್ಲಿ ಕಾಡಿಗೆಯ ಬಣ್ಣಕ್ಕೆ ತಿರುಗುತ್ತದೆ. ಬಟ್ಟೆ ಒಗೆದ ಸೋಪಿನ ನೀರು ಕೊಳಕಾದರೆ ಸೋಪು ಕೆಲಸ ಮಾಡಿದೆ ಎಂದು ತಾನೇ ಅರ್ಥ? ಮಸಿ ಎಂಜಿನ್‌ಗೆ ಅಂಟದೆ ಎಣ್ಣೆಯಲ್ಲಿ ತೇಲುತ್ತಿದೆ. ‘ನೋಡಿ ಸಾರ್, ಎಷ್ಟು ಕಪ್ಪಾಗಿದೆ’ ಎಂದು ಬೆರಳಿಗೆ ಹಚ್ಚಿ ತೋರಿಸಿದವರ ಮಾತಿಗೆ ಆಯಿಲ್ ಬದಲಿಸಬೇಡಿ. ಬೆರಳುಗಳ ನಡುವೆ ತಿಕ್ಕಿದಾಗ ಹರಳು ಸಿಕ್ಕರೆ, ಕೆಸರಿನಂತೆ ಗಟ್ಟಿಯಾಗಿದ್ದರೆ, ಹಾಲು ಬೆರೆಸಿದಂತೆ ಕಂಡರೆ ಅದು ಬೇರೆ ಮಾತು. ಹಾಲಿನ ಬಣ್ಣ ಎಂದರೆ ನೀರು ಸೇರಿದೆ, ಮೆಕ್ಯಾನಿಕ್‌ಗೆ ತೋರಿಸಲೇಬೇಕು.

ಯಾವ ಆಯಿಲ್?

‘ಗಟ್ಟಿ ಆಯಿಲ್ ಹಾಕಿಸಿ, ಎಂಜಿನ್ ಬಾಳಿಕೆ ಬರುತ್ತೆ’ ಎಂಬುದು ಗ್ಯಾರೇಜುಗಳಲ್ಲಿ ಇಂದಿಗೂ ಕೇಳುವ ಮಾತು. ಪುಸ್ತಕದಲ್ಲಿ 5ಡಬ್ಲ್ಯು-30 ಎಂಬ ತೆಳು ಆಯಿಲ್‌ನ ದರ್ಜೆ ಇದ್ದರೆ ಅದನ್ನೇ ಹಾಕಿಸಿ. ಬೆಳಗಿನ ತಣ್ಣನೆಯ ಎಂಜಿನ್‌ನಲ್ಲಿ ಗಟ್ಟಿ ಎಣ್ಣೆ ಟರ್ಬೊವರೆಗೆ ತಲುಪಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತಬಲ್ಲ ಟರ್ಬೊಗೆ ಆ ಕೆಲವು ಸೆಕೆಂಡುಗಳೇ ದುಬಾರಿ. ಸ್ವಿಫ್ಟ್, ಡಿಸೈರ್, ಇಂಡಿಕಾ ವಿಸ್ಟಾಗಳಲ್ಲೆಲ್ಲ ಇದ್ದ, ಫಿಯೆಟ್ ಮೂಲದ 1.3 ಲೀಟರ್ ಎಂಜಿನ್‌ನಂಥವುಗಳಲ್ಲಿ ಟೈಮಿಂಗ್ ಚೈನ್ ಕೂಡ ಇದೇ ಎಣ್ಣೆಯನ್ನು ನಂಬಿಕೊಂಡಿದೆ. ಆಯಿಲ್ ಚೇಂಜ್ ಎಳೆದಾಡಿದ ಗಾಡಿಗಳಲ್ಲಿ ಮೊದಲು ಸದ್ದು ಮಾಡುವುದು ಆ ಚೈನೇ.

ದಪ್ಪಕ್ಕಿಂತ ಮುಖ್ಯ ಡಬ್ಬಿಯ ಹಿಂದಿನ ಸಣ್ಣಕ್ಷರ. ಡಿಪಿಎಫ್ ಇರುವ ಕಾರಿಗೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು. ಎಸಿಇಎ ಸಿ2, ಸಿ3 ಎಂಬಂಥ ಗುರುತಿರುತ್ತದೆ. ಲಾರಿಗೆ ಹಾಕುವ ಮಾಮೂಲಿ ಸಿಐ-4 ಆಯಿಲ್ ಅಗ್ಗವೆಂದು ಅದಕ್ಕೆ ಸುರಿದರೆ ಎಣ್ಣೆಯ ಬೂದಿ ಫಿಲ್ಟರಿನಲ್ಲಿ ಕೂರುತ್ತದೆ. ಮಸಿ ಸುಟ್ಟು ಹೋಗುತ್ತದೆ, ಬೂದಿ ಹೋಗುವುದಿಲ್ಲ. ಡಿಪಿಎಫ್ ಬದಲಿಸುವ ಬಿಲ್ ಕೇಳಿದವರು ಮತ್ತೆ ಆಯಿಲ್‌ನಲ್ಲಿ ಉಳಿತಾಯ ಮಾಡಲು ಹೋಗುವುದಿಲ್ಲ.

ಗ್ಯಾರೇಜಿನಲ್ಲಿ ಪಕ್ಕದಲ್ಲೇ ನಿಲ್ಲಿ

ಆಯಿಲ್ ಡಬ್ಬಿಯ ಸೀಲ್ ನಿಮ್ಮ ಎದುರೇ ಒಡೆಯಲಿ. ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ ಡ್ರೈನ್ ಪ್ಲಗ್ ಬಿಚ್ಚಿದರೆ ಹಳೆಯದು ಸರಾಗವಾಗಿ ಇಳಿಯುತ್ತದೆ. ಧಾರೆ ನಿಂತು ಹನಿಗೆ ಬರುವವರೆಗೆ, ಕನಿಷ್ಠ ಹತ್ತು ನಿಮಿಷ ಇಳಿಯಲು ಬಿಡಿ. ಆತುರದ ಹುಡುಗ ಧಾರೆ ತೆಳ್ಳಗಾಗುತ್ತಿದ್ದಂತೆ ಪ್ಲಗ್ ಹಾಕಿಬಿಡುತ್ತಾನೆ. ಪ್ಲಗ್ಗಿನ ವಾಷರ್ ಹೊಸದಿರಲಿ. ಫಿಲ್ಟರ್ ಪ್ರತಿ ಸಲವೂ ಬದಲಾಗಲೇಬೇಕು, ‘ಮುಂದಿನ ಸಲ ಹಾಕೋಣ’ ಎಂದರೆ ಒಪ್ಪಬೇಡಿ. ಫ್ಲಶಿಂಗ್ ಎಂದು ಬಿಲ್ಲಿಗೆ ಸೇರಿಸುವ ದ್ರಾವಣ ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸುವ ಕಾರಿಗೆ ಬೇಕಿಲ್ಲ.

ಎಷ್ಟು ಲೀಟರ್ ಎಂಬುದೂ ಪುಸ್ತಕದಲ್ಲಿದೆ. ಡಬ್ಬಿ ತಂದಿದ್ದೇವಲ್ಲ ಎಂದು ಪೂರ್ತಿ ಸುರಿಸಬೇಡಿ. ಹಾಕಿದ ಮೇಲೆ ಎಂಜಿನ್ ಒಂದೆರಡು ನಿಮಿಷ ಓಡಿಸಿ, ನಿಲ್ಲಿಸಿ, ಪ್ಲಗ್ ಮತ್ತು ಫಿಲ್ಟರ್ ಬಳಿ ಸೋರಿಕೆ ನೋಡಿ, ಡಿಪ್‌ಸ್ಟಿಕ್ ಮತ್ತೊಮ್ಮೆ ಎಳೆಯಿರಿ. ಸರ್ವಿಸ್ ರಿಮೈಂಡರ್ ರೀಸೆಟ್ ಮಾಡಿಸಿ, ತಾರೀಕು ಮತ್ತು ಕಿಲೊಮೀಟರ್ ಬರೆದಿಡಿ. ಖಾಲಿ ಡಬ್ಬಿಗೆ ಒಂದು ತೂತು ಹೊಡೆಸಿ. ನಕಲಿ ಆಯಿಲ್ ತುಂಬುವವರಿಗೆ ಬೇಕಿರುವುದು ಅಂಥ ಅಸಲಿ ಡಬ್ಬಿಯೇ.

ಓಡಿಸುವಾಗ ಆಯಿಲ್ ಡಬ್ಬಿಯಾಕಾರದ ಕೆಂಪು ದೀಪ ಹತ್ತಿದರೆ ಅದು ಸರ್ವಿಸ್ ನೆನಪಿಸುವ ದೀಪವಲ್ಲ, ಒತ್ತಡ ಕುಸಿದಿದೆ ಎಂಬ ಎಚ್ಚರಿಕೆ. ಮುಂದಿನ ಬಂಕ್‌ವರೆಗೂ ಹೋಗಬೇಡಿ. ಪಕ್ಕಕ್ಕೆ ತೆಗೆದು ಆ ಕ್ಷಣವೇ ಆಫ್ ಮಾಡಿ.

ಇನ್ನು ಇಳಿಸಿದ ಹಳೆ ಎಣ್ಣೆಯ ವಿಷಯ. ಊರ ಕಡೆ ಗೆದ್ದಲು ಬಾರದಿರಲಿ ಎಂದು ಬೇಲಿಗೂಟಕ್ಕೆ ಬಳಿಯುವುದುಂಟು, ಪಟ್ಟಣದಲ್ಲಿ ಚರಂಡಿಗೆ ಸುರಿಯುವುದುಂಟು. ಎರಡೂ ಕೊನೆಗೆ ಸೇರುವುದು ಮಣ್ಣಿಗೆ, ಬಾವಿಗೆ, ಕೆರೆಗೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿ ಬಳಸಿದ ಎಂಜಿನ್ ಆಯಿಲ್ ಅಪಾಯಕಾರಿ ತ್ಯಾಜ್ಯವೇ. ಮನೆಯಲ್ಲೇ ಬದಲಿಸುವ ಹವ್ಯಾಸವಿದ್ದರೆ ಹಳೆಯದನ್ನು ಮುಚ್ಚಳವಿರುವ ಕ್ಯಾನಿಗೆ ತುಂಬಿ, ನೀರು ಬೆರೆಯದಂತೆ ನೋಡಿಕೊಂಡು, ಹಳೆ ಆಯಿಲ್ ಸಂಗ್ರಹಿಸಿ ಮರುಶುದ್ಧೀಕರಣಕ್ಕೆ ಕಳಿಸುವ ಸರ್ವಿಸ್ ಸೆಂಟರಿಗೆ ಒಪ್ಪಿಸಿ.