ಪರದೇಶದ ಕಾನೂನು ಮತ್ತು ಪೆಟ್ಟಿಗೆಯೊಳಗಿನ ಪೊಟ್ಟಣ

ಗಲ್ಫ್‌ಗೆ ಹೊರಟವನ ಪೆಟ್ಟಿಗೆಯಲ್ಲಿ ಅವನ ಸಾಮಾನಿಗಿಂತ ಇತರರ ಸಾಮಾನೇ ಹೆಚ್ಚಿರುತ್ತದೆ. ಒಬ್ಬರು ಮಗನಿಗೆಂದು ಉಪ್ಪಿನಕಾಯಿ ಕೊಡುತ್ತಾರೆ, ಇನ್ನೊಬ್ಬರು ಅಳಿಯನಿಗೆಂದು ಹಪ್ಪಳ. ಅವುಗಳ ನಡುವೆ ಪಾಯಸಕ್ಕೆಂದು ಕಾಲು ಕಿಲೋ ಗಸಗಸೆಯೂ ಇದ್ದರೆ? ನಿಮ್ಮ ಪ್ರಯಾಣ ಜೈಲಿನಲ್ಲಿ ಮುಗಿಯಬಹುದು.

ಆಶ್ಚರ್ಯಪಡಬೇಡಿ. ಗಸಗಸೆಯು ಅಫೀಮು ಗಿಡದ ಬೀಜ. ಅದರ ಹಸಿ ಕಾಯಿಯನ್ನು ಗೀರಿದಾಗ ಒಸರುವ ಹಾಲೇ ಅಫೀಮು. ಕಾಯಿ ಒಣಗಿದ ಮೇಲೆ ಸಿಗುವ ಬೀಜ ನಮ್ಮ ಅಡುಗೆಮನೆಗೆ ಬರುತ್ತದೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ರೈತರು ಸರಕಾರದ ಲೈಸೆನ್ಸ್ ಪಡೆದು ಇದನ್ನು ಬೆಳೆಯುತ್ತಾರೆ. ಬೀಜದಲ್ಲಿ ಅಮಲು ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ನಮ್ಮ ದೇಶದಲ್ಲಿ ಅದರ ಮಾರಾಟಕ್ಕೆ ಅಡ್ಡಿಯಿಲ್ಲ. ಆದರೆ ಸೌದಿ ಅರೇಬಿಯಾ ಮತ್ತು ಯುಎಇಗಳು ಬೀಜವನ್ನೂ ನಿಷೇಧಿಸಿವೆ. ವೀಳ್ಯದೆಲೆಯ ಪಾನ್ ಕೂಡಾ ಯುಎಇಯಲ್ಲಿ ನಿಷಿದ್ಧ.

ಔಷಧಿಯ ವಿಷಯವೂ ಹೀಗೆಯೇ. ನೋವಿಗೆ ನುಂಗುವ ಟ್ರಮಡಾಲ್, ಕೆಲವು ಕೆಮ್ಮಿನ ಔಷಧಿಗಳಲ್ಲಿರುವ ಕೊಡೀನ್, ಇವು ಯುಎಇಯಲ್ಲಿ ನಿಯಂತ್ರಿತ ವಸ್ತುಗಳು. ವೈದ್ಯರ ಚೀಟಿ ಮತ್ತು ಅಲ್ಲಿನ ಸರಕಾರದ ಮುಂಗಡ ಅನುಮತಿ ಇಲ್ಲದೆ ಒಯ್ಯಬಾರದು. ಇನ್ನೊಬ್ಬರ ಖಾಸಗಿತನಕ್ಕೆ ಧಕ್ಕೆ ತರುವಂತೆ ಅವರ ಅನುಮತಿಯಿಲ್ಲದೆ ಫೋಟೋ ತೆಗೆಯುವುದೂ ಆ ದೇಶದ 2021ರ ಸೈಬರ್ ಅಪರಾಧ ಕಾನೂನಿನ ಪ್ರಕಾರ ಶಿಕ್ಷಾರ್ಹ.

ಇಂತಹ ಕಟ್ಟಳೆಗಳು ಗಲ್ಫ್‌ನಲ್ಲಿ ಮಾತ್ರವಲ್ಲ. ಸಿಂಗಾಪುರವು 1992ರಲ್ಲಿ ಚ್ಯೂಯಿಂಗ್ ಗಮ್ ಅನ್ನು ನಿಷೇಧಿಸಿತು. ಜನರು ಅಗಿದು ರೈಲಿನ ಬಾಗಿಲಿಗೆ ಅಂಟಿಸುತ್ತಿದ್ದುದು ಅದಕ್ಕೆ ಒಂದು ಕಾರಣ. 2004ರಿಂದ ಚಿಕಿತ್ಸೆಗೆ ಬಳಸುವ ಗಮ್‌ಗೆ ಮಾತ್ರ ವಿನಾಯಿತಿ ಇದೆ.

"ನನಗೆ ಗೊತ್ತಿರಲಿಲ್ಲ" ಎಂದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಕುರ್‌ಆನಿನ ಐದನೆಯ ಅಧ್ಯಾಯವು, ಕರಾರುಗಳನ್ನು ಪಾಲಿಸಬೇಕೆಂದು ಸತ್ಯವಿಶ್ವಾಸಿಗಳಿಗೆ ನೀಡಿದ ಆಜ್ಞೆಯಿಂದಲೇ ಆರಂಭವಾಗುತ್ತದೆ. ವೀಸಾ ಕೂಡಾ ಒಂದು ಕರಾರು. ನಿಮ್ಮ ನಾಡಿನ ಕಟ್ಟಳೆಗಳಿಗೆ ಬದ್ಧನಾಗಿರುತ್ತೇನೆ ಎಂಬ ಮಾತು ಅದರೊಳಗಿದೆ. ಆ ಕಟ್ಟಳೆಯನ್ನು ಮೊದಲೇ ತಿಳಿದುಕೊಳ್ಳುವುದು ಮಾತು ಕೊಟ್ಟವನ ಹೊಣೆ.

ಇನ್ನು, ಇತರರ ಪೊಟ್ಟಣ ಒಂದು ಅಮಾನತ್ತು. ಆದರೆ ಒಳಗೇನಿದೆಯೆಂದು ನೋಡದೆ ಅದನ್ನು ವಹಿಸಿಕೊಳ್ಳುವುದು ಜಾಣತನವಲ್ಲ. ವಿಮಾನ ನಿಲ್ದಾಣದಲ್ಲಿ "ಈ ಪೆಟ್ಟಿಗೆಯನ್ನು ನೀವೇ ಕಟ್ಟಿದ್ದೇ?" ಎಂದು ಕೇಳುತ್ತಾರೆ. ತೆರೆದು ನೋಡದ ಪೊಟ್ಟಣ ಒಳಗಿದ್ದರೆ ನೀವು ಹೌದೆನ್ನುವುದು ಹೇಗೆ?

ಆದ್ದರಿಂದ ಕೊಡಲು ಬಂದ ಹಿರಿಯರೊಡನೆ ನಯವಾಗಿಯೇ ಹೇಳಿ: "ಉಮ್ಮಾ, ಬೇಸರ ಮಾಡಿಕೊಳ್ಳಬೇಡಿ, ಇದನ್ನು ಬಿಚ್ಚಿ ನೋಡಿಯೇ ಇಡುತ್ತೇನೆ." ನಿಷಿದ್ಧ ವಸ್ತುವಿದ್ದರೆ ಕಾರಣ ತಿಳಿಸಿ ಮರಳಿಸಿ. ಆ ಕ್ಷಣ ಅವರ ಮುಖ ಬಾಡೀತು. ಆದರೆ ನಿಮ್ಮ ಮನೆಯವರು ವರ್ಷಗಟ್ಟಲೆ ಕಣ್ಣೀರಿಡುವುದಕ್ಕಿಂತ ಅದು ಎಷ್ಟೋ ಮೇಲು.