ಅದ್ಭುತ ಕಥೆಗಳು ಕೈಗೆ ಬರುವ ದಾರಿ

ನಾಲ್ಕು ವರ್ಷಗಳ ಹಿಂದಿನ ಮಾತು. ಮಡಕಶಿರಾ ಸೀಮೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಯ ಪಾಠ ಮುಗಿಸಿ ಹೊರಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ನನ್ನ ಹಿಂದೆಯೇ ಬಂದಳು. ಅವಳ ಅಣ್ಣನ ಮೊಬೈಲಿನಲ್ಲಿ ಇನ್‌ಸ್ಟಾಗ್ರಾಂ ನೋಡುತ್ತಿದ್ದಾಗ ಯಾರೋ ದೂರದೂರಿನ ಹುಡುಗಿ ಡ್ರ್ಯಾಗನ್ನುಗಳೂ ಮಂತ್ರವಾದಿಗಳೂ ತುಂಬಿರುವ ಇಂಗ್ಲಿಷ್ ಕಾದಂಬರಿಯೊಂದನ್ನು ಕೈಯಲ್ಲಿ ಹಿಡಿದು ಬಹು ಉತ್ಸಾಹದಿಂದ ವರ್ಣಿಸಿದ್ದಳಂತೆ. “ಇಂಥದ್ದು ನಮ್ಮ ಕನ್ನಡದಲ್ಲಿ ಏನಿದೆ ಸಾರ್?” ಎಂದು ಕೇಳಿದಳು. ಮೂವತ್ತು ವರ್ಷ ಕನ್ನಡವನ್ನು ಬೋಧಿಸಿದ್ದ ನನಗೆ ಆ ಕ್ಷಣದಲ್ಲಿ ಒಂದು ಹೆಸರೂ ಹೊಳೆಯಲಿಲ್ಲ. “ನಾಳೆ ಹೇಳುತ್ತೇನಮ್ಮಾ” ಎಂದು ಜಾರಿಕೊಂಡೆ.

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ಆ ಪ್ರಶ್ನೆಯನ್ನೇ ಎತ್ತಿಕೊಳ್ಳುವುದು ಯೋಗ್ಯವೆನಿಸಿತು. ಗಡಿನಾಡಿನ ನಮಗೆ ಇದು ಬರಿಯ ಹವ್ಯಾಸದ ಪ್ರಶ್ನೆಯಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ರೂಪುಗೊಂಡಾಗ ಬಳ್ಳಾರಿ ಜಿಲ್ಲೆಯಿಂದ ರಾಯದುರ್ಗವು ಬೇರ್ಪಟ್ಟಿತು. ಮಡಕಶಿರೆಯಾದರೋ ಮೂರು ದಿಕ್ಕಿನಲ್ಲಿ ಕರ್ನಾಟಕದ ನೆಲದಿಂದ ಆವೃತವಾಗಿದ್ದೂ ಅನಂತಪುರ ಜಿಲ್ಲೆಯಲ್ಲಿತ್ತು. 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಕರ್ನಾಟಕದ ಗ್ರಂಥಾಲಯ ಇಲಾಖೆಯು ಸಗಟಾಗಿ ಕೊಳ್ಳುವ ಪುಸ್ತಕಗಳು ಆ ರಾಜ್ಯದ ಗ್ರಂಥಾಲಯಗಳಿಗೆ ಹೋಗುತ್ತವೆಯೇ ಹೊರತು ಗಡಿ ದಾಟಿ ನಮ್ಮೂರಿಗೆ ಬರುವುದಿಲ್ಲ. ಹೀಗಿರುವಾಗ ಮಗುವೊಂದು ಪಠ್ಯಪುಸ್ತಕದ ಆಚೆಗೆ ಕನ್ನಡವನ್ನು ಓದಬೇಕಾದರೆ “ಇದನ್ನು ಓದು” ಎಂದು ಯಾರಾದರೂ ಹೇಳಲೇಬೇಕು. ಹೇಳುವವರಿಲ್ಲದಿದ್ದರೆ ಹತ್ತನೆಯ ತರಗತಿಯ ಪರೀಕ್ಷೆಯೊಂದಿಗೆ ಆ ಮಗುವಿನ ಕನ್ನಡ ಓದು ಮುಗಿಯುತ್ತದೆ. ಮುಗಿದುದನ್ನು ನಾನು ಬಹಳ ಕಂಡಿದ್ದೇನೆ.

ನಮ್ಮ ಬಾಲ್ಯದಲ್ಲಿ ಹೇಳುವವರಿದ್ದರು. ನಾನು ರಾಯದುರ್ಗದಲ್ಲಿ ಓದುತ್ತಿದ್ದ 1970ರ ದಶಕದ ಉತ್ತರಾರ್ಧದಲ್ಲಿ ಅದ್ಭುತ ಕಥೆಯೆಂದರೆ ‘ಚಂದಮಾಮ’. ಕಡಪ ಜಿಲ್ಲೆಯ ಬಿ. ನಾಗಿರೆಡ್ಡಿಯವರು ಮತ್ತು ಚಕ್ರಪಾಣಿಯವರು ಮದರಾಸಿನಿಂದ 1947ರ ಜುಲೈಯಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ಈ ಮಾಸಪತ್ರಿಕೆ ಅನತಿಕಾಲದಲ್ಲಿಯೇ ಕನ್ನಡದಲ್ಲಿಯೂ ಬಂದಿತು. ಎಲ್ಲ ಭಾಷೆಗಳಲ್ಲಿಯೂ ಅವೇ ಚಿತ್ರಗಳು, ಅವೇ ಕಥೆಗಳು. ನಮ್ಮ ಬೀದಿಯಲ್ಲಿ ತೆಲುಗು ಸಂಚಿಕೆಯು ಮೊದಲು ಕೈಗೆ ಸಿಗುತ್ತಿತ್ತು. ಕನ್ನಡದ್ದು ಬಳ್ಳಾರಿಯ ಕಡೆಯಿಂದ ಕೆಲವು ದಿನ ತಡವಾಗಿ ಬರುತ್ತಿತ್ತು. ನೆರೆಮನೆಯ ತೆಲುಗು ಗೆಳೆಯನು ಜಗಲಿಯ ಮೇಲೆ ಕುಳಿತು ಆ ತಿಂಗಳ ಧಾರಾವಾಹಿಯ ಕಂತನ್ನು ಮುಂಚಿತವಾಗಿಯೇ ನನಗೆ ಹೇಳಿಬಿಡುತ್ತಿದ್ದನು. ಕೋಪ ಬರುತ್ತಿತ್ತು, ನಿಜ. ಆದರೆ ಕೇಳಿದ ಮೇಲೆ ಕನ್ನಡದ ಸಂಚಿಕೆಗಾಗಿ ಕಾಯುವ ತವಕ ಇಮ್ಮಡಿಯಾಗುತ್ತಿತ್ತು. ಎರಡು ಸಂಚಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ಒಂದೇ ಚಿತ್ರದ ಕೆಳಗಿನ ಎರಡು ಲಿಪಿಗಳನ್ನು ಹೋಲಿಸಿಯೇ ನಾನು ತೆಲುಗು ಓದಲು ಕಲಿತದ್ದು.

ಆ ಧಾರಾವಾಹಿಗಳನ್ನು ಬರೆದವರು ಯಾರೆಂಬುದು ನಮಗೆ ಗೊತ್ತಿರಲಿಲ್ಲ. ಪತ್ರಿಕೆಯಲ್ಲಿ ಹೆಸರು ಅಚ್ಚಾಗುತ್ತಿರಲಿಲ್ಲ. 1954ರಲ್ಲಿ ಆರಂಭವಾದ ‘ತೋಕಚುಕ್ಕ’, ಆಮೇಲಿನ ‘ರಾಕಾಸಿ ಲೋಯ’, ‘ಪಾತಾಳ ದುರ್ಗಂ’ ಮೊದಲಾದ ತೆಲುಗು ಮೂಲಗಳೆಲ್ಲ ಪತ್ರಿಕೆಯ ಸಂಪಾದಕ ವರ್ಗದಲ್ಲಿದ್ದ ದಾಸರಿ ಸುಬ್ರಹ್ಮಣ್ಯಂ ಅವರ ಕೃತಿಗಳು. ಅವರ ಹೆಸರು ಸಾಮಾನ್ಯ ಓದುಗರಿಗೆ ವ್ಯಾಪಕವಾಗಿ ತಿಳಿದದ್ದು ಅಂತರ್ಜಾಲ ಬಂದ ಮೇಲೆ. ದೇಶವಿದೇಶಗಳಲ್ಲಿ ಚದುರಿಹೋಗಿದ್ದ ಹಳೆಯ ಓದುಗರು 2000ದ ದಶಕದಲ್ಲಿ ಜಾಲದಲ್ಲಿ ಪರಸ್ಪರ ಗುರುತು ಹಿಡಿದರು. ತಮಗೆ ನೆನಪಿದ್ದ ಕಥೆಗಳನ್ನು ಹೇಳಿಕೊಂಡರು. ಹಳೆಯ ಸಂಚಿಕೆಗಳನ್ನು ಕಲೆಹಾಕಿದರು. ಲೇಖಕರನ್ನು ಕುರಿತು ಬರೆದರು. ಸುಬ್ರಹ್ಮಣ್ಯಂ ಅವರು 2010ರಲ್ಲಿ ತೀರಿಕೊಂಡರು. ಆ ಧಾರಾವಾಹಿಗಳು ಮುಂದೆ ತೆಲುಗಿನಲ್ಲಿ ಪುಸ್ತಕರೂಪವನ್ನು ಪಡೆದುವು. ‘ಚಂದಮಾಮ’ವಾದರೋ 2010ರ ದಶಕದ ಆರಂಭದಲ್ಲಿ ನಿಂತೇ ಹೋಯಿತು. ಪತ್ರಿಕೆಯು ಅರ್ಧ ಶತಮಾನ ಮರೆಯಲ್ಲಿರಿಸಿದ್ದ ಒಂದು ಹೆಸರನ್ನು ಓದುಗರ ಹರಟೆಯು ಬೆಳಕಿಗೆ ತಂದಿತೆಂಬುದು ಸಣ್ಣ ಸಂಗತಿಯಲ್ಲ. ಸಾಮಾಜಿಕ ಜಾಲತಾಣಗಳನ್ನು ನಮ್ಮ ವಯಸ್ಸಿನವರು ಹಳಿಯುವಾಗ ಇದನ್ನು ನೆನೆಯಬೇಕು.

ಅದ್ಭುತ ಕಥೆಗೂ ಬಾಯಿಮಾತಿಗೂ ಇರುವ ನಂಟು ಪುರಾತನವಾದುದು. ಗುಣಾಢ್ಯನ ಬೃಹತ್ಕಥೆಯನ್ನು ಕುರಿತ ಐತಿಹ್ಯವನ್ನು ಹಿರಿಯರು ಬಲ್ಲರು. ರಾಜನು ತಿರಸ್ಕರಿಸಿದ ಕಥೆಯನ್ನು ಕವಿಯು ಕಾಡಿನಲ್ಲಿ ಮೃಗಗಳಿಗೆ ಓದಿ ಹೇಳುತ್ತ ಒಂದೊಂದೇ ಹಾಳೆಯನ್ನು ಬೆಂಕಿಗೆ ಹಾಕುತ್ತಿದ್ದನಂತೆ. ಮೇವು ಬಿಟ್ಟು ಕಥೆ ಕೇಳುತ್ತಿದ್ದ ಮೃಗಗಳು ಬಡವಾದುವು; ಅರಮನೆಯ ಅಡುಗೆಗೆ ಬಂದ ಮಾಂಸ ಒಣಗಿದಂತಿತ್ತು; ಕಾರಣವನ್ನು ಬೇಟೆಗಾರರಿಂದ ಕೇಳಿ ತಿಳಿದ ರಾಜನು ಓಡಿಬಂದು ಉಳಿದ ಏಳನೆಯ ಒಂದು ಪಾಲನ್ನು ಉಳಿಸಿಕೊಂಡನು. ಪಂಡಿತರ ಸಭೆಯಲ್ಲಿ ಸಲ್ಲದ ಕಥೆಯ ಬೆಲೆಯು ಬೇಟೆಗಾರರ ಬಾಯಿಂದ ತಿಳಿಯಿತು! ನಮ್ಮ ದುರ್ಗಸಿಂಹನು 11ನೆಯ ಶತಮಾನದಲ್ಲಿ ತನ್ನ ಪಂಚತಂತ್ರದ ಮೂಲವನ್ನು ಆ ಬೃಹತ್ಕಥೆಯವರೆಗೆ ಕೊಂಡೊಯ್ಯುತ್ತಾನೆ.

ಇಂಗ್ಲೆಂಡಿನಲ್ಲಿ ನಡೆದುದೂ ಇದೇ ತೆರನಾದುದು. ಟೋಲ್ಕಿನ್ ಅವರ ‘ದಿ ಹಾಬಿಟ್’ ಹಸ್ತಪ್ರತಿಯನ್ನು 1936ರಲ್ಲಿ ಪ್ರಕಾಶಕ ಸ್ಟಾನ್ಲಿ ಅನ್ವಿನ್ ಅವರು ತಮ್ಮ ಹತ್ತು ವರ್ಷದ ಮಗ ರೇನರನ ಕೈಗೆ ಕೊಟ್ಟರು. ಅವನು ಓದಿ ಬರೆದ ಅಭಿಪ್ರಾಯಕ್ಕೆ ದೊರೆತ ಸಂಭಾವನೆ ಒಂದು ಶಿಲ್ಲಿಂಗ್. ಮರುವರ್ಷ ಪುಸ್ತಕ ಹೊರಬಂದಿತು. ಹಲವು ಪ್ರಕಾಶಕರು ಹಿಂದಿರುಗಿಸಿದ್ದ ಹ್ಯಾರಿ ಪಾಟರ್‌ನ ಮೊದಲ ಪುಸ್ತಕವು 1997ರಲ್ಲಿ ಪ್ರಕಟವಾಗುವುದಕ್ಕೆ ಪ್ರಕಾಶಕರ ಎಂಟು ವರ್ಷದ ಮಗಳು ಆರಂಭದ ಅಧ್ಯಾಯವನ್ನು ಓದಿ ಮುಂದಿನದನ್ನು ಬೇಡಿದ್ದೂ ಒಂದು ಕಾರಣ. ಮಕ್ಕಳ ಶಿಫಾರಸನ್ನು ಹಿರಿಯರು ಗೌರವಿಸಿದ್ದರಿಂದ ಲೋಕಕ್ಕೆ ಲಾಭವಾಯಿತು. ನಮ್ಮಲ್ಲಿ ಮಕ್ಕಳನ್ನು ಯಾರು ಕೇಳುತ್ತಾರೆ?

ಇನ್ನು ನನ್ನ ಹುಡುಕಾಟದ ವಿಚಾರ. ಮೊದಲು ಯೂಟ್ಯೂಬ್, ಇನ್‌ಸ್ಟಾಗ್ರಾಂಗಳನ್ನು ನೋಡಿದೆ. ಇವುಗಳ ಶಿಫಾರಸು ಮಾಡುವ ಯಂತ್ರವ್ಯವಸ್ಥೆಯು ನಾವು ಏನನ್ನು ಎಷ್ಟು ಹೊತ್ತು ನೋಡಿದೆವು, ಯಾವುದನ್ನು ಮೆಚ್ಚಿದೆವು, ನಮ್ಮಂತೆಯೇ ನೋಡಿದ ಇತರರು ಬೇರೆ ಏನನ್ನು ನೋಡಿದರು ಎಂಬ ಲೆಕ್ಕದ ಮೇಲೆ ನಡೆಯುತ್ತದೆ. ಹೆಚ್ಚು ಜನ ಮಾತನಾಡಿದ ಪುಸ್ತಕ ಇನ್ನೂ ಹೆಚ್ಚು ಜನರ ಮುಂದೆ ಬರುತ್ತದೆ; ಯಾರೂ ಮಾತನಾಡದ ಪುಸ್ತಕ ಆ ಲೆಕ್ಕಕ್ಕೇ ಸಿಗುವುದಿಲ್ಲ. ಆದ್ದರಿಂದ ನನ್ನ ಮೊಬೈಲು ನನಗೆ ತೋರಿಸಿದ್ದು ಇಂಗ್ಲಿಷಿನವನ್ನು, ಆಮೇಲೆ ತೆಲುಗಿನವನ್ನು. ಯಂತ್ರಕ್ಕೆ ಕನ್ನಡದ ಮೇಲೆ ಹಗೆಯೇನೂ ಇಲ್ಲ. ನಾವು ಹೇಳದೆ ಉಳಿದುದನ್ನು ಅದು ತಾನಾಗಿ ಹೇಳಲಾರದು, ಅಷ್ಟೆ.

ಆಮೇಲೆ ಫೇಸ್‌ಬುಕ್ಕಿನ ಕನ್ನಡ ಓದುಗರ ಗುಂಪೊಂದರಲ್ಲಿ “ಒಳ್ಳೆಯ ಅದ್ಭುತ ಕಥೆಗಳ ಪುಸ್ತಕ ತಿಳಿಸಿ” ಎಂದು ಬರೆದೆ. ಉತ್ತರಗಳು ಸಾಲುಸಾಲಾಗಿ ಬಂದುವು, ಪ್ರಯೋಜನವಾಗಲಿಲ್ಲ. ಪ್ರತಿಯೊಬ್ಬರೂ ತಮಗೆ ಪ್ರಿಯವಾದ ಕಾದಂಬರಿಯನ್ನು, ಅದು ಅದ್ಭುತವೋ ಸಾಮಾಜಿಕವೋ ನೋಡದೆ, ಬರೆದುಬಿಟ್ಟಿದ್ದರು. ತಪ್ಪು ನನ್ನದೇ. ಮರುದಿನ ಪ್ರಶ್ನೆಯನ್ನು ಬದಲಿಸಿದೆ: ಹದಿನಾಲ್ಕು ವರ್ಷದ ಹುಡುಗಿ, ಗಡಿನಾಡಿನ ಕನ್ನಡ, ಬೇರೊಂದು ಲೋಕಕ್ಕೆ ಹೋಗಿಬರುವ ಕಥೆ ಬೇಕು, ನೀತಿಪಾಠ ಬೇಡ, ನೂರೈವತ್ತು ಪುಟ ಮೀರಬಾರದು. ಉತ್ತರಗಳು ನಾಲ್ಕೈದೇ. ಆದರೆ ಅವುಗಳಲ್ಲೊಂದು ನನ್ನನ್ನು ಬೆಚ್ಚಿಬೀಳಿಸಿತು: ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’.

ಲೂಯಿಸ್ ಕ್ಯಾರಲ್ 1865ರಲ್ಲಿ ಪ್ರಕಟಿಸಿದ ಆಲಿಸಳ ಕಥೆಯನ್ನು ಕನ್ನಡದ ಹುಡುಗಿಯ ಕಥೆಯನ್ನಾಗಿಸಿದ ಪುಸ್ತಕವಿದು. ಕಸ್ತೂರಿಯವರು 1897ರಲ್ಲಿ ಕೇರಳದಲ್ಲಿ ಹುಟ್ಟಿದವರು, ಮಲಯಾಳ ಮನೆಮಾತಿನವರು. ಮೈಸೂರಿನಲ್ಲಿ ಇತಿಹಾಸದ ಅಧ್ಯಾಪಕರಾಗಿದ್ದುಕೊಂಡು ಕನ್ನಡದ ಅಗ್ರಗಣ್ಯ ಹಾಸ್ಯ ಲೇಖಕರಾದರು. ‘ಅನರ್ಥಕೋಶ’ವನ್ನು ನೆನೆದರೆ ಸಾಕು. ತಮ್ಮ ಉತ್ತರಾಯುಷ್ಯವನ್ನು ಅವರು ಕಳೆದದ್ದು ಪುಟ್ಟಪರ್ತಿಯಲ್ಲಿ, ಅಂದರೆ ನಮ್ಮ ಅಂದಿನ ಅನಂತಪುರ ಜಿಲ್ಲೆಯಲ್ಲಿಯೇ, 1987ರಲ್ಲಿ ತೀರಿಕೊಂಡರು. ಆಲಿಸಳಿಗೆ ಕನ್ನಡದ ಲಂಗ ತೊಡಿಸಿದವರು ನಮ್ಮ ಜಿಲ್ಲೆಯಲ್ಲಿಯೇ ಬಾಳಿದ ಕಾಲದಲ್ಲಿ ನಾನು ಇಲ್ಲಿಯೇ ವಿದ್ಯಾರ್ಥಿಯಾಗಿದ್ದೆ. ನನಗೆ ಆ ಪುಸ್ತಕದ ಹೆಸರನ್ನು ಯಾರೂ ಹೇಳಿರಲಿಲ್ಲ. ಕಂಡರಿಯದ ಓದುಗರೊಬ್ಬರು ಮೊಬೈಲಿನಲ್ಲಿ ಹೇಳಬೇಕಾಯಿತು.

ಒಂದು ಹೆಸರು ಸಿಕ್ಕಮೇಲೆ ಉಳಿದವು ತಾವಾಗಿ ನೆನಪಿಗೆ ಬಂದುವು. ಕನಸಿನಲ್ಲಿ ಕಂಡ ಕನ್ಯೆಯನ್ನು ಹುಡುಕುತ್ತ ರಾಜಕುಮಾರನು ಹೊರಡುವ ನೇಮಿಚಂದ್ರನ ‘ಲೀಲಾವತಿ’, ಬ್ರೌನಿಂಗನ ಕವಿತೆಯಿಂದ ಕುವೆಂಪು ಅವರು ರೂಪಿಸಿದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’, ದೊಡ್ಡ ಮಕ್ಕಳಿಗಾದರೆ ಯಕ್ಷಿಯ ಕಥೆಯುಳ್ಳ ಚಂದ್ರಶೇಖರ ಕಂಬಾರರ ‘ಚಕೋರಿ’. ಇವನ್ನೆಲ್ಲ ನಾನು ಪರೀಕ್ಷೆಗಾಗಿ ಓದಿದ್ದೆ, ಪರೀಕ್ಷೆಗಾಗಿ ಕಲಿಸಿಯೂ ಇದ್ದೆ. ಅದ್ಭುತ ಕಥೆಗಳೆಂದು ಮಗುವಿನ ಕೈಗೆ ಕೊಡಬಹುದೆಂಬ ಯೋಚನೆಯೇ ಬಂದಿರಲಿಲ್ಲ.

ಜಾಲದ ಶಿಫಾರಸನ್ನು ನಂಬುವ ಬಗೆಯನ್ನೂ ಹೇಳಬೇಕು. ಹೊಗಳಿದವರು ಪುಸ್ತಕವನ್ನು ಓದಿದ್ದಾರೆಯೆ ಎಂಬುದು ಮೊದಲ ಪ್ರಶ್ನೆ. ಒಂದು ಪಾತ್ರದ ಹೆಸರನ್ನಾಗಲಿ ಒಂದು ಸನ್ನಿವೇಶವನ್ನಾಗಲಿ ಹೇಳದೆ “ಕೆಳಗಿಡಲಾಗದ ಕೃತಿ” ಎಂದು ಹತ್ತು ಮಂದಿ ಒಂದೇ ಮಾತಿನಲ್ಲಿ ಬರೆದಿದ್ದರೆ ಅದು ಪುಸ್ತಕದ ಬೆನ್ನಪುಟದಿಂದ ಇಳಿಸಿಕೊಂಡದ್ದು. ಹಣವನ್ನೋ ಉಚಿತ ಪ್ರತಿಯನ್ನೋ ಪಡೆದು ಹೊಗಳುವವರೂ ಇದ್ದಾರೆ. ಇಂಥವನ್ನು ಜಾಹೀರಾತೆಂದು ಸ್ಪಷ್ಟವಾಗಿ ಗುರುತಿಸಬೇಕೆಂದು ಭಾರತದ ಜಾಹೀರಾತು ಮಾನಕ ಮಂಡಳಿಯು 2021ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿದೆ. ಆ ಗುರುತನ್ನು ಹುಡುಕಿ ನೋಡುವುದನ್ನು ಮಕ್ಕಳಿಗೆ ಕಲಿಸಬಹುದು. ಮೆಚ್ಚಿಕೊಳ್ಳುತ್ತಲೇ ಒಂದು ಕೊರತೆಯನ್ನೂ ಹೇಳುವವರ ಮಾತು ಸಾಮಾನ್ಯವಾಗಿ ನಂಬತಕ್ಕದ್ದು. ಕೃತಕ ಬುದ್ಧಿಮತ್ತೆಯ ಸೇವೆಯೊಂದನ್ನು ಕೇಳಿದಾಗ ಅದು ಸೊಗಸಾದ ಕನ್ನಡ ಹೆಸರಿನ ಕಾದಂಬರಿಯೊಂದನ್ನು ಸೂಚಿಸಿತು. ಮೂರು ದಿನ ಹುಡುಕಿದೆ. ಅಂಥ ಪುಸ್ತಕವೇ ಇರಲಿಲ್ಲ! ಅದ್ಭುತ ಸಾಹಿತ್ಯವೆಂದರೆ ಇದೇ ಇರಬೇಕು.

ಕೆಲವರು ಇಡೀ ಪುಸ್ತಕದ ಪಿಡಿಎಫ್ ಪ್ರತಿಯನ್ನೇ ವಾಟ್ಸಾಪಿನಲ್ಲಿ ಕಳುಹಿಸಿದರು. ಇಂದಿಗೂ ಮಾರಾಟದಲ್ಲಿರುವ ಪುಸ್ತಕವಾದರೆ ಅದು ಲೇಖಕರ ಅನ್ನಕ್ಕೆ ಕೈಹಾಕಿದಂತೆ, ನಾನು ಅಳಿಸಿಹಾಕಿದೆ. ಗ್ರಂಥಾಲಯಗಳಿಂದ ಸ್ಕ್ಯಾನ್ ಆಗಿರುವ ಹಳೆಯ ಕನ್ನಡ ಪುಸ್ತಕಗಳು ಆರ್ಕೈವ್ ಜಾಲತಾಣದಲ್ಲಿ ದೊರೆಯುತ್ತವೆ. ಅವುಗಳನ್ನು ಕನ್ನಡದಲ್ಲಿಯೇ ಹುಡುಕಲು ‘ಸಂಚಯ’ದ ಉತ್ಸಾಹಿಗಳು ಅನುಕೂಲ ಕಲ್ಪಿಸಿದ್ದಾರೆ.

‘ಪಾಪಚ್ಚಿ’ಯನ್ನು ಓದಿದ ಆ ಹುಡುಗಿ ಒಂದು ವಾರದ ಬಳಿಕ ಹಿಂದಿರುಗಿಸುತ್ತ, “ಚೆನ್ನಾಗಿದೆ ಸಾರ್, ಆದರೆ ಕೆಲವು ತಮಾಷೆ ಮೈಸೂರಿನವರಿಗೇ ಅರ್ಥವಾಗಬೇಕು” ಎಂದಳು. ಆ ಮಾತನ್ನೇ ಬರೆದು ಕೊಡೆಂದು ಕೇಳಿದೆ. ಹೆಸರು, ಲೇಖಕರು, ಯಾರಿಗೆ ಹಿಡಿಸೀತು, ಯಾರಿಗೆ ಹಿಡಿಸಲಾರದು, ಎಲ್ಲಿ ಸಿಗುತ್ತದೆ, ಎಲ್ಲ ಸೇರಿ ಐದು ಸಾಲು. ಅದನ್ನು ತರಗತಿಯ ಗೋಡೆಗೆ ಅಂಟಿಸಿದೆವು. ಅವಳ ಹೆಸರನ್ನು ಹಾಕದೆ ಅದೇ ಓದುಗರ ಗುಂಪಿನಲ್ಲಿಯೂ ಪ್ರಕಟಿಸಿದೆ. ಎರಡು ತಿಂಗಳಲ್ಲಿ ಗೋಡೆಯ ಮೇಲೆ ಹದಿನೇಳು ಚೀಟಿಗಳಾದುವು. ಒಂದರಲ್ಲಿ ಹುಡುಗನೊಬ್ಬ ತನ್ನಜ್ಜಿ ಹೇಳಿದ ಏಳು ಕೆರೆಯ ರಾಕ್ಷಸನ ಕಥೆಯನ್ನು ಪುಸ್ತಕವೆಂದೇ ಶಿಫಾರಸು ಮಾಡಿ, ‘ಎಲ್ಲಿ ಸಿಗುತ್ತದೆ’ ಎಂಬಲ್ಲಿ ತನ್ನ ಮನೆಯ ವಿಳಾಸವನ್ನು ಬರೆದಿದ್ದ.

ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ಒಂದು ಬಿನ್ನಹ. ನಾವು ಓದುತ್ತಿದ್ದ ವರ್ಷಗಳ ಕನ್ನಡ ‘ಚಂದಮಾಮ’ದ ಸಂಚಿಕೆಗಳು ಯಾರ ಮನೆಯ ಅಟ್ಟದ ಮೇಲಾದರೂ ಉಳಿದಿದ್ದರೆ ಮಹೋತ್ಸವದ ದಿನ ತರಬೇಕು, ನೋಡಿ ಹಿಂದಿರುಗಿಸುತ್ತೇನೆ. ನೆರೆಮನೆಯ ಗೆಳೆಯನು ಜಗಲಿಯಲ್ಲಿ ಹೇಳಿದ ಧಾರಾವಾಹಿಯೊಂದರ ಕೊನೆಯ ಕಂತು ಬಂದ ತಿಂಗಳು ಕನ್ನಡದ ಸಂಚಿಕೆ ನನಗೆ ಸಿಗಲಿಲ್ಲ. ಜಾಲದಲ್ಲಿ ನನಗೆ ದೊರೆತ ಪ್ರತಿಯಲ್ಲಿ ಆ ನಾಲ್ಕು ಪುಟಗಳು ಹರಿದುಹೋಗಿವೆ.